ಗೆರೆಯಾಚೆಯವನ ಫ್ರೀ ಥ್ರೋ

೧೯೪೭ ಜನವರಿ ೮, ಬುಧವಾರ

ಮತ್ತೆ ಸುಣ್ಣದ ಗೆರೆ ಎಳೆದೆ. ಮತ್ತೆ ಅಪ್ಪಾಜಪ್ಪನವರ ಎತ್ತಿನ ಗಾಡಿ ಅದರ ಮೇಲೇ ಹೋಯಿತು. ಮೈದಾನ ಅವರದು, ಒಪ್ಪಿದೆ. ಪಕ್ಕದ ಹುಣಿಸೆಹಣ್ಣಿನ ಗೋಡೌನೂ ಅವರದು, ನಮ್ಮ ಕ್ಲಬ್ಬಿಗೆ ಪ್ರೆಸಿಡೆಂಟರೂ ಅವರೇ. ಹಾಗಂತ ಸೈಡ್ ಲೈನ್ ಮೇಲೇ ಗಾಡಿ ಹೊಡೆಸಬೇಕೆ? ಆಳನ್ನು ಗದರಿಸಿದರೆ, "ಬರೀ ಸುಣ್ಣ ತಾನೇ ಮೇಷ್ಟ್ರೇ, ಇನ್ನೊಂದ್ ಸಲ ಎಳುದ್ರಾಯ್ತು" ಅಂದ. ಬರೀ ಸುಣ್ಣವಂತೆ! ಮದರಾಸಿನಲ್ಲಿ ಒಂದು ವರ್ಷ ಡ್ರಿಲ್ ಟ್ರೈನಿಂಗ್ ಮಾಡಿ ಬಂದ ಈ ಕೋದಂಡರಾಮಪ್ಪನಿಗೆ ಮುಳಬಾಗಿಲಿನಲ್ಲಿ ಸಿಕ್ಕ ಮರ್ಯಾದೆ ಇಷ್ಟು.

ಪ್ರಾಕ್ಟೀಸ್ ಐದಕ್ಕೆ ಅಂದರೆ ಆರಕ್ಕೆ ಬರುತ್ತಾರೆ. ಕ್ಯಾಪ್ಟನ್ ಶ್ರೀರಾಮಪ್ಪ ತಾಲ್ಲೂಕು ಕಛೇರಿ ಗುಮಾಸ್ತ. ಕಛೇರಿಯ ವೇಗದಲ್ಲೇ ಓಡುತ್ತಾನೆ. ಚೆಂಡು ಗೆರೆ ದಾಟಿತೋ, ಆಟ ಮುಗಿಯಿತು ಅಂತ ಎಲ್ಲರೂ ಸೊಂಟಕ್ಕೆ ಕೈ ಇಟ್ಟು ನಿಂತುಬಿಡುತ್ತಾರೆ. ಒಬ್ಬ ಹೊರಗೆ ನಿಂತು ಚೆಂಡನ್ನು ಒಳಗೆ ಎಸೆಯಬೇಕು, ಐದು ಸೆಕೆಂಡಿನಲ್ಲಿ ಎಸೆಯಬೇಕು, ಅದಕ್ಕೆ ಥ್ರೋ-ಇನ್ ಅಂತಾರೆ... ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ಫೆಬ್ರವರಿಯಿಂದ ಬ್ಯಾಸ್ಕೆಟ್‌ಬಾಲ್ ಜಿಲ್ಲಾ ಶೀಲ್ಡ್, ಏಪ್ರಿಲ್‌ನಲ್ಲಿ ಕೋಲಾರದಲ್ಲಿ ಫೈನಲ್. ಹೋದ ವರ್ಷ ಮೊದಲ ಮ್ಯಾಚಿಗೇ ಗಂಟು ಕಟ್ಟಿಕೊಂಡು ಬಂದೆವು. ಈ ವರ್ಷ ಹೋಗದಿದ್ದರೆ ಮಾನವಾದರೂ ಉಳಿಯುತ್ತದೆ.

ಜನವರಿ ೧೨, ಭಾನುವಾರ

ಇವತ್ತು ಒಂದು ವಿಷಯ ಆಯಿತು.

ಚೆಂಡು ಉರುಳಿ ಬೇಲಿ ಆಚೆ ಹೋಯಿತು. ಅಲ್ಲಿ ಒಬ್ಬ ನಿಂತಿದ್ದ. ಎತ್ತರದ ಆಳು, ಮಿಲಿಟರಿ ಖಾಕಿ ಚಡ್ಡಿ. ಚೆಂಡು ಎತ್ತಿದ, ಒಂದು ಸಲ ನೆಲಕ್ಕೆ ಕುಟ್ಟಿದ, ಅಲ್ಲಿಂದಲೇ ಎಸೆದ. ಎಲ್ಲರ ತಲೆ ಮೇಲೆ ಹಾದು, ಸೀದಾ ರಿಂಗಿನ ಕೆಳಗೆ ನಿಂತಿದ್ದ ಶ್ರೀರಾಮಪ್ಪನ ಎದೆಗೆ ಬಂದು ಕೂತಿತು. ಶ್ರೀರಾಮಪ್ಪ ಹೆದರಿ ಅದನ್ನು ಕೆಳಕ್ಕೆ ಬಿಟ್ಟ. ಅದು ಬೇರೆ ಮಾತು.

ಹೆಸರು ಕದಿರಪ್ಪ. ಹರಿಜನ ಕೇರಿಯವನು. ಲಡಾಯಿಯಲ್ಲಿ ಪಯನೀರ್ ಪಲ್ಟನ್ ಸೇರಿ ಅಸ್ಸಾಮಿನಲ್ಲಿ ರಸ್ತೆ ಕಡಿದನಂತೆ. ಅಲ್ಲಿ ಅಮೆರಿಕದ ಸೋಲ್ಜರುಗಳ ಜೊತೆ ಈ ಆಟ ಕಲಿತನಂತೆ. ಈಗ ನಂಗಲಿಯಲ್ಲಿ ಲಾರಿಗೆ ಲೋಡು ಹಾಕುವ ಕೆಲಸ.

"ಒಳಕ್ಕೆ ಬಾರಯ್ಯ" ಅನ್ನುವುದಕ್ಕೆ ಬಾಯಿ ತೆರೆದೆ. ನಮ್ಮವರ ಮುಖ ನೋಡಿದೆ. ಬಾಯಿ ಮುಚ್ಚಿದೆ. ಅವನು ಬೇಲಿ ಆಚೆಯೇ ಕೂತು ಕೊನೆವರೆಗೂ ನೋಡಿದ.

ಜನವರಿ ೧೬, ಗುರುವಾರ

ಅಪ್ಪಾಜಪ್ಪನವರ ಮಂಡಿಯಲ್ಲಿ ಕಮಿಟಿ ಮೀಟಿಂಗ್. ವಿಷಯ ಕದಿರಪ್ಪ. ಎತ್ತಿದವನು ನಾನೇ. ಇಂಥ ಕೈ ಈ ಜಿಲ್ಲೆಯಲ್ಲಿಲ್ಲ, ಶೀಲ್ಡ್ ಬೇಕಾದರೆ ಅವನು ಬೇಕು ಅಂದೆ. ಆಮೇಲೆ ಎಲ್ಲರೂ ಸೇರಿ ನನ್ನ ತಲೆ ತಿಂದರು.

ಆಟದಲ್ಲಿ ಮೈಗೆ ಮೈ ತಗಲುತ್ತಲ್ಲ, ಅದಕ್ಕೇನು? ಬೆವರಿಗೇನು? ಅವನು ಮುಟ್ಟಿದ ಚೆಂಡನ್ನು ನಾವು ಮುಟ್ಟುವುದು ಹೇಗೆ?

ನನಗೆ ರೇಗಿತು. "ಚೆಂಡು ಚರ್ಮದ್ದು ಸ್ವಾಮಿ. ಹೋದ ತಿಂಗಳು ಹೊಲಿಗೆ ಬಿಚ್ಚಿದಾಗ ಹೊಲಿದುಕೊಟ್ಟೋನು ಅವನ ಸೋದರಮಾವ. ಎದೆಗೆ ಅವುಚ್ಕೊಂಡು ಓಡ್ತಿದ್ದೀರಲ್ಲ, ಅದಕ್ಕೇನ್ ಹೇಳ್ತೀರಿ?"

ಶ್ರೀರಾಮಪ್ಪ ಮೆಲ್ಲಗೆ ಅಂಗೈ ಮೂಸಿ ನೋಡಿಕೊಂಡ.

ಕೊನೆಗೆ ಅಪ್ಪಾಜಪ್ಪನವರೇ ದಾರಿ ಕಂಡುಹಿಡಿದರು. ವ್ಯಾಪಾರದ ಬುದ್ಧಿ. "ಅಲ್ಲ ಮೇಷ್ಟ್ರೇ, ಚೆಂಡು ಎಸೆಯೋನು ಗೆರೆ ಹೊರಗೆ ನಿಂತ್ಕೋಬೇಕು ಅಂತೀರಲ್ಲ? ಅವನೇ ನಿಂತ್ಕೊಳ್ಳಿ. ಯಾವಾಗ್ಲೂ ಅವನೇ ಎಸೀಲಿ. ಒಳಕ್ಕೆ ಬರೋದ್ ಬೇಡ. ಆಟಕ್ಕೆ ಸೇರ್ದಂಗೂ ಆಯ್ತು, ಸೇರ್ದೆ ಇದ್ದಂಗೂ ಆಯ್ತು."

ಎಲ್ಲರೂ ಭೇಷ್ ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮನೆಗೆ ಬಂದು ಟ್ರಂಕಿನಿಂದ ರೂಲ್ ಪುಸ್ತಕ ತೆಗೆದೆ. ತಾಲ್ಲೂಕಿಗೆಲ್ಲ ಇರುವುದು ಅದೊಂದೇ. ಚೆಂಡು ಎಸೆದವನು ಆಮೇಲೆ ಒಳಗೆ ಬರಲೇಬೇಕು ಅಂತ ಎಲ್ಲಿಯೂ ಇಲ್ಲ. ಬರೆದ ಪುಣ್ಯಾತ್ಮರಿಗೆ ನಮ್ಮಂಥವರು ಭೂಮಿಯ ಮೇಲೆ ಇದ್ದೇವೆ ಅಂತ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಜನವರಿ ೧೯, ಭಾನುವಾರ

ಹೇಳಬೇಕಾದವನು ನಾನೇ ಆದೆ. ಹೇಳಿದೆ. ಕದಿರಪ್ಪ ಗೆರೆಯನ್ನು ನೋಡಿದ.

"ಆಟ ಪೂರ್ತಿ ಈಚೆನೇನಾ?"

"ಸದ್ಯಕ್ಕೆ" ಅಂದೆ.

"ಸರ್ಲೇಂಡಿ ಮೇಷ್ಟ್ರೇ, ಆಗ್ಲಿ. ಬೇಲಿಗಿಂತ ಗೆರೆ ಹತ್ರ ಅಲ್ವಾ."

ನಾಲ್ಕು ಜನ ಒಳಗೆ, ಅವನೊಬ್ಬ ಹೊರಗೆ. ಚೆಂಡು ಯಾವ ಕಡೆ ಹೊರಗೆ ಹೋದರೂ ಇವನು ಗೆರೆ ಸುತ್ತಿಕೊಂಡು ಓಡಿ ಅಲ್ಲಿ ನಿಲ್ಲಬೇಕು. ಎಲ್ಲರಿಗಿಂತ ಹೆಚ್ಚು ಓಡಿದವನು ಅವನೇ. ಒಂದೇ ಒಂದು ಸಲ ಕಾಲು ಗೆರೆ ಮೇಲೆ ಬೀಳಲಿಲ್ಲ.

ಮನೆಗೆ ಬಂದರೆ ಹಂಡೆ ನೀರು ಕಾಯಿಸಿಕೊಂಡು ಆದಿಲಕ್ಷ್ಮಿ ಕಾದಿದ್ದಾಳೆ. ಸುದ್ದಿ ನನಗಿಂತ ಮುಂಚೆ ಮನೆ ಸೇರಿದೆ.

"ಮುಂದಿನ್ ಬಾಗ್ಲಲ್ಲಿ ಬರ್ಬೇಡ್ರಿ. ಹಿತ್ಲಿಂದ ಸುತ್ಕೊಂಡ್ ಬಂದು, ಸ್ನಾನ ಮಾಡಿ ಒಳಕ್ಕೆ ಬನ್ನಿ."

"ನಾನು ಅವನನ್ನ ಮುಟ್ಟೇ ಇಲ್ವಲ್ಲೇ!"

"ಮುಟ್ಟಿಲ್ದಿದ್ರೆ ಒಳ್ಳೇದೇ ಆಯ್ತು. ನೀರು ಕಾದೈತೆ, ದಂಡ ಯಾಕ್ ಮಾಡ್ತೀರಿ?"

ಹೆಂಡತಿ ಹತ್ತಿರ ವಾದ ಮಾಡಿ ಗೆದ್ದವನುಂಟೆ? ಸೌದೆ ಸಿಗದ ಈ ಕಾಲದಲ್ಲಿ ಒಂದು ಹಂಡೆ ನೀರು. ಸ್ನಾನ ಮಾಡಿದೆ.

ಫೆಬ್ರವರಿ ೨, ಭಾನುವಾರ

ರೂಲ್ಸ್ ಕ್ಲಾಸ್ ತೆಗೆದುಕೊಂಡೆ. ಕೋಣನ ಮುಂದೆ ಕಿನ್ನರಿ.

ಬಿಡಿಸಿ ಬಿಡಿಸಿ ಹೇಳಿದೆ. ಎಸೆಯುವವನು ಗೆರೆ ತುಳಿಯಬಾರದು. ತಡೆಯುವವನು ಒಳಗೆ ಅವನ ಎದುರಿಗೇ ನಿಲ್ಲಬಹುದು, ಮೂಗಿಗೆ ಮೂಗು ತಗಲುವಷ್ಟು ಹತ್ತಿರ. ಕೈ ಎತ್ತಲಿ, ಕುಣಿಯಲಿ, ಅಡ್ಡಿಯಿಲ್ಲ. ಆದರೆ ಕೈ ಗೆರೆ ದಾಟಬಾರದು. ದಾಟಿ ಎಸೆಯುವವನ ಕೈಗೋ ಮೈಗೋ ತಗಲಿತೋ, ಫೌಲ್. ತಪ್ಪು ತಡೆಯುವವನದೇ. ಗೆರೆಯ ಆಚೆಗಿನ ಜಾಗ ಎಸೆಯುವವನದು, ಅಲ್ಲಿ ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ಫೌಲ್ ತಿಂದವನಿಗೆ ಒಂದು ಫ್ರೀ ಥ್ರೋ. ಅದನ್ನು ಅವನೇ ಹಾಕಬೇಕು, ಅವನ ಪರವಾಗಿ ಇನ್ನೊಬ್ಬ ಹಾಕುವ ಹಾಗಿಲ್ಲ.

ಒಬ್ಬ ಆಕಳಿಸಿದ. ಶ್ರೀರಾಮಪ್ಪ ಕೈ ಎತ್ತಿದ. ಸದ್ಯ, ಒಬ್ಬನಾದರೂ ಕೇಳಿಸಿಕೊಂಡನಲ್ಲ ಅಂದುಕೊಂಡೆ.

"ಅವನ ಕೈನೇ ಒಳಕ್ಕೆ ಬಂದು ನಮಗೆ ತಗುಲಿದ್ರೆ ಯಾರ್ದು ತಪ್ಪು ಮೇಷ್ಟ್ರೇ?"

"ಆಟದ ಪ್ರಕಾರ ಕೇಳ್ತಿದ್ದೀಯೋ, ಪಂಚಾಂಗದ ಪ್ರಕಾರ ಕೇಳ್ತಿದ್ದೀಯೋ?"

ಕದಿರಪ್ಪ ಆಚೆ ನಿಂತು ನೆಲ ನೋಡುತ್ತಿದ್ದ.

ಪ್ರಾಕ್ಟೀಸ್‌ನಲ್ಲಿ ಅವನ ಎದುರು ನಿಂತು ತಡೆಯಿರಪ್ಪ ಅಂದರೆ ಒಬ್ಬನೂ ಹತ್ತಿರ ಹೋಗುವುದಿಲ್ಲ. ಮಾರು ದೂರ ನಿಂತು ಕೈ ಆಡಿಸುತ್ತಾರೆ, ಸಂಡಿಗೆಗೆ ಬಂದ ಕಾಗೆ ಓಡಿಸಿದ ಹಾಗೆ. ತಡೆಯುವವನಿಲ್ಲದೆ ಥ್ರೋ-ಇನ್ ಕಲಿಸುವುದು ಹೇಗೆ? ನೀರಿಲ್ಲದೆ ಈಜು ಕಲಿಸಲೆ?

ನಾನೂ ಚೆಂಡನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತೇನೆ. ಅವನು ಎತ್ತಿಕೊಳ್ಳುತ್ತಾನೆ. ರೂಢಿಯಾಗಿದೆ. ರೂಲ್ ಪ್ರಕಾರ ತಪ್ಪೇನಿಲ್ಲ.

ಫೆಬ್ರವರಿ ೧೬, ಭಾನುವಾರ. ಮಾಲೂರು

ಶೀಲ್ಡಿನ ಮೊದಲ ಮ್ಯಾಚ್. ಇದ್ದಿಲು ಗ್ಯಾಸಿನ ಬಸ್. ಕದಿರಪ್ಪ ಟಾಪ್ ಮೇಲೆ, ಇದ್ದಿಲು ಮೂಟೆಗಳ ಜೊತೆ. ದಿಣ್ಣೆಯಲ್ಲಿ ಬಸ್ ನಿಂತುಹೋಯಿತು. "ಲೇ ಕದಿರಾ, ಇಳಿಯೋ, ತಳ್ಳೋ!" ಎಲ್ಲರೂ ಇಳಿದು ತಳ್ಳಿದರು. ಬಸ್ ತಳ್ಳುವಾಗ ಅವನ ಭುಜಕ್ಕೆ ಭುಜ ಕೊಡುವುದಕ್ಕೆ ಒಬ್ಬರಿಗೂ ಅಡ್ಡಿಯಿರಲಿಲ್ಲ. ಬಸ್ಸಿಗೆ ಸುಣ್ಣದ ಗೆರೆ ಇಲ್ಲವಲ್ಲ.

ಮ್ಯಾಚ್ ಗೆದ್ದೆವು. ಚೆನ್ನಾಗಿಯೇ ಗೆದ್ದೆವು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ಕದಿರಪ್ಪ ಯಾರು ಅಂತ ಮಾಲೂರಿನವರಿಗೆ ಯಾರೋ ಕಿವಿಯಲ್ಲಿ ಊದಿದ್ದಾರೆ. ಅವನು ಗೆರೆ ಹತ್ತಿರ ಬಂದು ನಿಂತರೆ ಅವರ ಆಟಗಾರರು ಬೆಂಕಿ ಕಂಡವರಂತೆ ಹಿಂದೆ ಸರಿಯುತ್ತಾರೆ. ತಡೆಯುವವರಿಲ್ಲ, ಅಡ್ಡ ಕೈ ಇಲ್ಲ. ಅವನು ನಿಧಾನವಾಗಿ ನೋಡಿ, ಬೇಕಾದವನಿಗೆ, ಬೇಕಾದಷ್ಟು ಎತ್ತರಕ್ಕೆ ಎಸೆದ. ನಮ್ಮವರು ರಿಂಗಿಗೆ ಹಾಕಿದರು. ಅಷ್ಟೆ.

ಅಪ್ಪಾಜಪ್ಪನವರು ಮೈದಾನದಲ್ಲೇ ಕುಣಿದುಬಿಟ್ಟರು. "ನೋಡಿದ್ರಾ ಮೇಷ್ಟ್ರೇ! ಅವನ ಹತ್ರಕ್ಕೆ ಒಬ್ಬ ನನ್ಮಗನೂ ಬರಲ್ಲ! ಬ್ರಹ್ಮಾಸ್ತ್ರ ಕಣ್ರೀ, ಬ್ರಹ್ಮಾಸ್ತ್ರ!"

ಗೆದ್ದದ್ದು ನನಗೂ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ. ಆಮೇಲೆ ಹೋಟೆಲಿನಲ್ಲಿ ಎಲ್ಲರಿಗೂ ದೋಸೆ. ಬ್ರಹ್ಮಾಸ್ತ್ರಕ್ಕೆ ಹೊರಗೆ ಜಗುಲಿ ಕೆಳಗೆ, ಮುತ್ತುಗದ ಎಲೆಯಲ್ಲಿ.

ಮನೆ. ಹಂಡೆ ನೀರು. ಸ್ನಾನ.

ಮಾರ್ಚ್ ೯, ಭಾನುವಾರ

ಸೆಮಿಫೈನಲ್ ನಮ್ಮ ಮೈದಾನದಲ್ಲೇ. ಮಾಸ್ತಿಯವರನ್ನೂ ಗೆದ್ದೆವು. ಅದೇ ಕಥೆ, ಅದೇ ಕಾಗೆ ಓಡಿಸುವಿಕೆ.

ಆಟ ಮುಗಿದು ಎಲ್ಲರೂ ಹೋದ ಮೇಲೆ ಕದಿರಪ್ಪ ನಿಂತೇ ಇದ್ದ. ಏನಯ್ಯ ಅಂದೆ.

"ಮೇಷ್ಟ್ರೇ, ಒಂದ್ ಸಲ ಒಳಗಾಡ್ಬೇಕು."

"ಶೀಲ್ಡ್ ಮುಗೀಲಿ, ನೋಡೋಣ."

"ಅದಲ್ಲ ಮೇಷ್ಟ್ರೇ. ಅಸ್ಸಾಮಲ್ಲಿ ಅಮೆರಿಕದೋರು ಎದೆಗೆ ಎದೆ ಕೊಟ್ಟು ಆಡೋರು. ಕೆಡವೋರು, ಮೊಣಕೈಲಿ ತಿವಿಯೋರು. ಬಿದ್ರೆ ಅವರೇ ಕೈ ಕೊಟ್ಟು ಎತ್ತೋರು. ಇಲ್ಲಿ ನನ್ನೆದುರಿಗೆ ಯಾರೂ ಬರಲ್ಲ. ನಾನು ಒಬ್ಬನೇ ಆಡ್ದಂಗೆ ಆಗ್ತದೆ."

"ತಡೆಯೋರಿಲ್ದಿದ್ರೆ ನಿಂಗೇ ಸುಲಭ ಅಲ್ವೇನೋ?"

"ಸುಲಭ ಯಾರಿಗ್ ಬೇಕು ಸ್ವಾಮಿ?" ಅಂದ. ಜೋರಾಗಿ ಅನ್ನಲಿಲ್ಲ. ಅಂದು, ಸುಣ್ಣದ ಡಬ್ಬ ಗೋಡೌನಿನ ಗೋಡೆಗೆ ಒರಗಿಸಿಟ್ಟು ಹೋದ.

ಇವನ ಮೇಲೂ ಸಿಟ್ಟು ಬಂತು ನನಗೆ. ಇಷ್ಟು ಮಾಡಿಸಿದ್ದೇ ನನಗೆ ಸಾಕುಸಾಕಾಗಿದೆ. ಅಪ್ಪಾಜಪ್ಪನವರನ್ನು ಎದುರು ಹಾಕಿಕೊಂಡರೆ ಮೈದಾನವೂ ಇಲ್ಲ, ಚೆಂಡೂ ಇಲ್ಲ. ನಾನೊಬ್ಬ ಡ್ರಿಲ್ ಮೇಷ್ಟ್ರು, ಏನು ಮಾಡಲಿ? ಎಲ್ಲರೂ ಬಂದು ನನ್ನ ತಲೆ ಮೇಲೇ ಕೂರುವುದು.

ಏಪ್ರಿಲ್ ೩, ಗುರುವಾರ

ಕೋಲಾರದಿಂದ ಹೇಳಿಕೆ ಬಂದಿದೆ. ಫೈನಲ್‌ಗೆ ನಾವೂ ಶ್ರೀನಿವಾಸಪುರದವರೂ. ರೆಫರಿಗೆ ಜ್ವರ. ಇನ್ನೊಬ್ಬ ಟ್ರೈನಿಂಗ್ ಆದವನು ಜಿಲ್ಲೆಯಲ್ಲಿ ನಾನೊಬ್ಬನೇ, ನಾನೇ ಸೀಟಿ ಊದಬೇಕಂತೆ. ನನ್ನದೇ ಊರಿನ ಟೀಮಲ್ಲವೇ ಅಂದರೆ, ಶ್ರೀನಿವಾಸಪುರದವರೇ ಒಪ್ಪಿದರಂತೆ. "ಆ ಮೇಷ್ಟ್ರು ಸ್ವಂತ ಅಳಿಯನಿಗೂ ಫೌಲ್ ಕೊಡೋ ಜಾತಿ" ಅಂದರಂತೆ. ಹೊಗಳಿಕೆಯೋ ಬೈಗುಳವೋ.

ಅಪ್ಪಾಜಪ್ಪನವರಿಗೆ ಮಾವಿನ ತೋಟಗಳ ವ್ಯಾಪಾರದ ಕಾಲ. ಶ್ರೀನಿವಾಸಪುರದ ವ್ಯಾಪಾರಿಗಳ ಎದುರು ಸೋತರೆ ಮುಖ ತೋರಿಸುವ ಹಾಗಿಲ್ಲವಂತೆ. "ಮೇಷ್ಟ್ರೇ, ಸೀಟಿ ನಿಮ್ ಕೈಲೇ ಇದೆ, ಸ್ವಲ್ಪ ನೋಡ್ಕೊಳಿ" ಅಂದರು. ಸೀಟಿ ಕೈಯಲ್ಲಿರುವುದಿಲ್ಲ ಸ್ವಾಮಿ, ಬಾಯಲ್ಲಿರುತ್ತದೆ ಅಂದೆ.

ಏಪ್ರಿಲ್ ೬, ಭಾನುವಾರ

ಸೋತೆವು. ಇವತ್ತು ಬರೆಯಲಾರೆ.

ಏಪ್ರಿಲ್ ೭, ಸೋಮವಾರ, ಬೆಳಿಗ್ಗೆ

ಬರೆಯುತ್ತೇನೆ. ಬರೆಯದಿದ್ದರೆ ಸ್ಕೂಲಿನಲ್ಲಿ ಯಾವ ಹುಡುಗನ ಮೇಲೋ ಸಿಟ್ಟು ತೀರಿಸಿಕೊಳ್ಳುತ್ತೇನೆ.

ಕೋಲಾರದ ಮೈದಾನ ತುಂಬ ಜನ. ಶ್ರೀನಿವಾಸಪುರದ ಟೀಮಿನಲ್ಲಿ ಗೌಸ್ ಮೊಹಿದ್ದೀನ್ ಅಂತ ಒಬ್ಬ ಇದ್ದಾನೆ. ತಗಡಿನ ಕೆಲಸದವನು, ಕುಳ್ಳಗೆ ಗಟ್ಟಿ ಆಳು. ಆಟ ಶುರುವಾಗಿ ಮೊದಲ ಸಲ ಚೆಂಡು ಹೊರಗೆ ಹೋಯಿತು. ಕದಿರಪ್ಪ ಓಡಿ ಗೆರೆಯಾಚೆ ನಿಂತ. ಶ್ರೀನಿವಾಸಪುರದವರು ಹಿಂದೆ ಸರಿದರು. ಗೌಸ್ ಸರಿಯಲಿಲ್ಲ. ಸೀದಾ ಬಂದು, ಗೆರೆಗೆ ಕಾಲ್ಬೆರಳು ಕೂಡಿಸಿ, ಕದಿರಪ್ಪನ ಮುಖಕ್ಕೆ ಮುಖ ಕೊಟ್ಟು, ಎರಡೂ ಕೈ ಎತ್ತಿ ನಿಂತುಬಿಟ್ಟ.

"ಎಸಿ ಭಾಯ್, ನೋಡೋಣ."

ಕದಿರಪ್ಪ ಕಲ್ಲಾದ. ಐದು ಸೆಕೆಂಡ್ ಮುಗಿಯಿತು. ಸೀಟಿ ಊದಿ ಚೆಂಡು ಅವರಿಗೆ ಕೊಟ್ಟೆ. ಮತ್ತೆ ಅದೇ. ಮತ್ತೆ. ಅಪ್ಪಾಜಪ್ಪನವರು ಆಚೆಯಿಂದ, "ಎಸಿಯೋ ಲೇ! ಏನಾಗದೆ ನಿಂಗೆ!" ಅಂತ ಒರಲುತ್ತಿದ್ದಾರೆ. ನಮ್ಮವರೆಲ್ಲ ಬೈಯುತ್ತಿದ್ದಾರೆ. ನಾನು ಹತ್ತಿರ ಹೋಗಿ ನೋಡಿದರೆ ಇವನು ನಗುತ್ತಿದ್ದಾನೆ! ಮುಖ ತುಂಬ ನಗು.

"ಏನೋ ಅದು ನಗು?" ಅಂದೆ, ರೇಗಿ.

"ಇವತ್ತು ಆಟ ಆಡ್ದಂಗಾಯ್ತು ಮೇಷ್ಟ್ರೇ."

ಆಮೇಲೆ ಅವನ ಕೈ ಬಿಚ್ಚಿಕೊಂಡಿತು. ಎಡಕ್ಕೆ ಆಸೆ ತೋರಿಸಿ ಬಲಕ್ಕೆ ಎಸೆದ. ಗೌಸ್‌ನ ಕಂಕುಳ ಕೆಳಗೆ ಎಸೆದ, ಕಾಲ ಸಂದಿಯಲ್ಲಿ ಕುಟ್ಟಿ ಕಳಿಸಿದ. ಗೌಸ್ "ಅರೆ ಶಾಬಾಸ್!" ಅನ್ನುತ್ತಲೇ ಮುಂದಿನದನ್ನು ಹೊಡೆದುಹಾಕಿದ. ಎರಡು ಟೀಮಿನ ಆಟ ಒಂದು ಕಡೆ, ಗೆರೆಯ ಆಚೀಚೆ ಇವರಿಬ್ಬರ ಆಟ ಇನ್ನೊಂದು ಕಡೆ. ಜನ ನೋಡಿದ್ದು ಇವರನ್ನೇ.

ಕೊನೆ ಗಳಿಗೆ. ಅವರದು ಇಪ್ಪತ್ತೆರಡು, ನಮ್ಮದು ಇಪ್ಪತ್ತೊಂದು. ನಮ್ಮ ರಿಂಗಿನ ಹಿಂದೆ ಥ್ರೋ-ಇನ್. ಕದಿರಪ್ಪ ಎಸೆಯುವುದಕ್ಕೆ ಕೈ ಎತ್ತಿದ. ಗೌಸ್ ಹಾರಿದ. ಕೈ ಗೆರೆ ದಾಟಿತು. ಕದಿರಪ್ಪನ ಮಣಿಕಟ್ಟಿಗೆ ಫಟ್ ಅಂತ ಬಿತ್ತು. ಮೈದಾನಕ್ಕೆಲ್ಲ ಕೇಳಿಸಿತು.

ಸೀಟಿ ಊದಿದೆ.

ಗೌಸ್ ತಾನೇ ಕೈ ಎತ್ತಿದ. "ತಪ್ಪು ನಂದೇ ಮಾಸ್ಟರ್ ಸಾಬ್. ಕೈ ಆಚೆ ಹೋಯ್ತು."

"ಫೌಲ್. ಮುಳಬಾಗಿಲಿಗೆ ಫ್ರೀ ಥ್ರೋ" ಅಂದೆ. ಅಂದ ಮೇಲೆ ನನಗೇ ಹೊಳೆಯಿತು. ಫೌಲ್ ತಿಂದವನೇ ಹಾಕಬೇಕು. ಹಾಕಬೇಕಾದರೆ ಒಳಗೆ ಬರಬೇಕು.

ಅಪ್ಪಾಜಪ್ಪನವರಿಗೂ ಹೊಳೆಯಿತು. ಮೈದಾನಕ್ಕೇ ನುಗ್ಗಿದರು. "ಶ್ರೀರಾಮಪ್ಪ ಹಾಕ್ಲಿ!"

"ಆಗಲ್ಲ. ಹೊಡೆಸಿಕೊಂಡವನೇ ಹಾಕ್ಬೇಕು."

"ಮಾತಾಗಿದೆ ಮೇಷ್ಟ್ರೇ! ಅವನು ಒಳಕ್ ಬರೋಹಂಗಿಲ್ಲ!"

"ಮಾತು ಕ್ಲಬ್ಬಿನದು. ರೂಲು ಆಟದ್ದು."

"ಹಂಗಾದ್ರೆ ನಮಗೆ ಆ ಪಾಯಿಂಟೇ ಬೇಡ!"

ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಎದುರು ಪಾರ್ಟಿಯವನು ತಪ್ಪು ಒಪ್ಪಿಕೊಂಡು ನಿಂತಿದ್ದಾನೆ, ನಮ್ಮವರು ನಮ್ಮ ಪಾಯಿಂಟು ನಮಗೇ ಬೇಡ ಅಂತ ಜಗಳಕ್ಕೆ ನಿಂತಿದ್ದಾರೆ. ಒಂದು ಪಾಯಿಂಟು ಬಂದರೆ ಸಮ. ಶೀಲ್ಡ್ ಬೇಕು, ಶೀಲ್ಡ್ ಅಂತ ಮೂರು ತಿಂಗಳಿಂದ ನನ್ನ ಪ್ರಾಣ ಹಿಂಡಿದವರು! ಗೌಸ್ ನಡುವೆ ಬಂದು, "ಏ ಹಿರಿಯರೇ, ಏಟು ಬಿದ್ದಿದ್ದು ಅವನಿಗೆ ಜೀ. ನಿಮ್ಗಲ್ಲ" ಅಂದ.

ಕದಿರಪ್ಪ ಗೆರೆಯ ಹೊರಗೇ ನಿಂತಿದ್ದ. ಬರಿಗಾಲು. ಮಣಿಕಟ್ಟು ಉಜ್ಜಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ.

"ಬರ್ಲಾ ಮೇಷ್ಟ್ರೇ?"

ಆ ಮಾತಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ. "ಬರ್ಲಾ ಅಂತ ಯಾರನ್ನ ಕೇಳ್ತೀಯೋ? ಫೌಲ್ ಆಗಿದೆ! ಬಾ!" ಅಂತ ಕೂಗಿಬಿಟ್ಟೆ.

ಬಂದ. ಗೆರೆ ದಾಟುವಾಗ ಒಂದು ಕ್ಷಣ ಕಾಲು ಎತ್ತಿ ಹಿಡಿದು, ನೀರಿಗೆ ಇಳಿಯುವವನ ಹಾಗೆ ಇಟ್ಟ. ನಮ್ಮವರಿಬ್ಬರು ಆಟ ಬಿಟ್ಟು ಆಚೆ ಹೋದರು. ಹೋಗಲಿ ಅಂದೆ. ಮೈದಾನದ ಆ ತುದಿಯವರೆಗೂ ನಡೆದು ಫ್ರೀ ಥ್ರೋ ಗೆರೆಯಲ್ಲಿ ನಿಂತ. ಚೆಂಡು ನನ್ನ ಹತ್ತಿರ. ರೂಢಿಯಂತೆ ನೆಲಕ್ಕೆ ಇಡಲು ಬಗ್ಗಿದೆ. ಅರ್ಧ ಬಗ್ಗಿದವನು ನೆಟ್ಟಗಾದೆ. ಕೈಗೆ ಕೊಟ್ಟೆ. ಬೆರಳಿಗೆ ಬೆರಳು ತಗಲಿತು.

ಎಸೆದ. ಚೆಂಡು ರಿಂಗ್ ಮುಟ್ಟಲಿಲ್ಲ. ಹಲಗೆಯನ್ನೂ ಮುಟ್ಟಲಿಲ್ಲ.

ಟೈಮ್ ಮುಗಿಯಿತು. ಒಂದು ಪಾಯಿಂಟಿನಲ್ಲಿ ಸೋತೆವು. ಅಪ್ಪಾಜಪ್ಪನವರು ಉಗುಳಿದರು. ಕದಿರಪ್ಪ ಅಲ್ಲೇ ನಿಂತು ತನ್ನ ಕೈ ನೋಡಿಕೊಳ್ಳುತ್ತಿದ್ದ. "ರಿಂಗ್ ಕಡೆ ಎಸೆದು ಬಹಳ ದಿನ ಆಗಿತ್ತು ಮೇಷ್ಟ್ರೇ" ಅಂದ. ಅಳುತ್ತಿದ್ದ.

ರಿಂಗಿಗೆ ಎಸೆಯಲು ನಾವು ಬಿಟ್ಟಿದ್ದರಲ್ಲವೇ? ಜನವರಿಯಿಂದ ಗೆರೆಯ ಹೊರಗೆ ಓಡಾಡಿಸಿ, ಕೊನೆ ಗಳಿಗೆಯಲ್ಲಿ ಒಳಗೆ ಕರೆದು, ಹಾಕು ಅಂದರೆ ಹೇಗೆ ಹಾಕುತ್ತಾನೆ? ನಾನು ಕೋಚು! ಥೂ.

ಮನೆಗೆ ಬಂದೆ. ಹಿತ್ತಲಿಂದಲೇ ಬಂದೆ. ಹಂಡೆ ನೀರು. ಸ್ನಾನ ಮಾಡಿದೆ. ತಲೆ ಒರೆಸಿಕೊಳ್ಳುವಾಗ ಆ ಬೆರಳು ತಗಲಿದ್ದು ಜ್ಞಾಪಕಕ್ಕೆ ಬಂತು. ಆಗ ತೊಳೆದಾಗಿತ್ತು.

ಏಪ್ರಿಲ್ ೧೦, ಗುರುವಾರ

ಮಂಡಿಯಲ್ಲಿ ಮೀಟಿಂಗ್. ಮಾವಿನಕಾಯಿ ರಾಶಿಗಳ ನಡುವೆ ನನ್ನನ್ನು ನಿಲ್ಲಿಸಿದರು. ಸೋತಿದ್ದಕ್ಕೆ ಯಾರೂ ಬೈಯಲಿಲ್ಲ, ಆಶ್ಚರ್ಯ. ಒಳಗೆ ಕರೆದಿದ್ದಕ್ಕೆ ಬೈದರು.

"ಕದಿರಪ್ಪ ಇನ್ಮೇಲೆ ಮೈದಾನದ ಕಡೆ ತಲೆ ಹಾಕಬಾರ್ದು. ಗೆರೆ ಹೊರಗೂ ಬೇಡ. ನೀವೇ ಹೇಳಿ ಅವನಿಗೆ" ಅಂದರು ಅಪ್ಪಾಜಪ್ಪನವರು.

ಎಲ್ಲ ಕೆಟ್ಟ ಸುದ್ದಿಗೂ ನಾನೇ ಡಂಗುರದವನು.

"ಹೇಳಲ್ಲ" ಅಂದೆ.

"ಹಂಗಾದ್ರೆ ಮೈದಾನ ನಂದು, ಚೆಂಡು ನಂದು. ನೀವೂ ಬರ್ಬೇಡಿ."

ಸುಣ್ಣದ ಡಬ್ಬ ನನ್ನದು ಅಂದೆ. ಎತ್ತಿಕೊಂಡು ಬಂದೆ. ದಾರಿ ತುಂಬ ಬೈದುಕೊಂಡೇ ಬಂದೆ. ಅರ್ಧ ಅವರನ್ನು, ಅರ್ಧ ನನ್ನನ್ನು. ಇಷ್ಟು ವರ್ಷ ಎಳೆದ ಗೆರೆಗಳೆಲ್ಲ ಗಾಡಿ ಚಕ್ರಕ್ಕೇ ಹೋದವು.

ಏಪ್ರಿಲ್ ೨೦, ಭಾನುವಾರ, ಸಂಜೆ

ಕೆರೆ ಒಣಗಿದೆ. ಅಂಗಳ ಹಲಗೆಯ ಹಾಗೆ ಗಟ್ಟಿ. ಇಬ್ಬರಿಗೂ ಹೇಳಿಕಳಿಸಿದ್ದೆ. ಕದಿರಪ್ಪ ಒಂದು ಕಂಬ ನೆಟ್ಟಿದ್ದ. ಬೆಳಗಿನ ಬಸ್ಸಿಗೆ ಶ್ರೀನಿವಾಸಪುರದಿಂದ ಗೌಸ್ ಬಂದ. ಒಂದು ಕಂಕುಳಲ್ಲಿ ಅವರ ಟೀಮಿನ ಚೆಂಡು, ಇನ್ನೊಂದರಲ್ಲಿ ಅವನೇ ಬಡಿದು ಬಗ್ಗಿಸಿದ ಕಬ್ಬಿಣದ ರಿಂಗ್. "ಫೌಲ್ ಮಾಡಿದ್ದೆ ಅಲ್ವಾ ಜೀ, ಸಾಲ ಇಟ್ಕೋಬಾರ್ದು" ಅಂದ.

ಗೆರೆ ಎಳೆದೆ. ಇಲ್ಲಿ ಯಾರ ಗಾಡಿಯೂ ಬರುವುದಿಲ್ಲ. ತಲೆ ಎತ್ತಿ ನೋಡಿದರೆ ಕದಿರಪ್ಪ ರೂಢಿಯಂತೆ ಹೋಗಿ ಗೆರೆಯಾಚೆ ನಿಂತಿದ್ದಾನೆ!

"ಅಲ್ಲೇನ್ಲಾ ಮಾಡ್ತಿದ್ದೀಯ? ಯಾರು ಹೇಳಿದ್ರು ಅಲ್ಲಿ ನಿಲ್ಲು ಅಂತ? ಒಳಕ್ಕೆ ಬಾ! ಆಚೆ ನಾನು ನಿಲ್ತೀನಿ."

ನಾನು ಎಸೆಯುವವನು. ಅವನು ತಡೆಯುವವನು. ಬಂದು ನಿಂತ, ಮಾರು ದೂರದಲ್ಲಿ. ಹತ್ತಿರ ಬಾರೋ ಅಂದೆ. ಒಂದು ಹೆಜ್ಜೆ ಇಟ್ಟ. "ಗೌಸ್ ನಿಂಗೆ ಹೆಂಗ್ ನಿಂತಿದ್ದ? ಹಂಗೆ ನಿಲ್ಲು!" ಬಂದ. ಅವನ ಉಸಿರು ನನ್ನ ಮುಖಕ್ಕೆ ಬಡಿಯಿತು. ಕೈ ಎತ್ತಿದ. ಆಮೇಲೆ ಆಟದ ಗುಂಗು ಹತ್ತಿತು ಅವನಿಗೆ. ನಾನು ಎಸೆಯಲು ಹೋದೆ, ಅವನು ಹಾರಿದ, ಕೈ ಗೆರೆ ದಾಟಿ ನನ್ನ ಭುಜಕ್ಕೆ ಬಿತ್ತು. ಮಗುಚಿಕೊಂಡು ಕೆರೆ ಅಂಗಳದಲ್ಲಿ ಬಿದ್ದೆ.

ಗೌಸ್, "ಫೌಲ್! ಫೌಲ್!" ಅಂತ ಕೇಕೆ ಹಾಕಿದ. ಕದಿರಪ್ಪ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.

"ತಪ್ಪಾಯ್ತು ಸ್ವಾಮಿ..."

"ನಿಂತ್ಕೊಂಡ್ ನೋಡ್ತೀಯಲ್ಲೋ! ಮಂಡಿ ತರಚಿದೆ ನಂದು! ಎತ್ತೋ!"

ಕೈ ಚಾಚಿದೆ. ನೋಡಿದ. ಗೌಸ್‌ನ ಮುಖ ನೋಡಿದ. ಆಮೇಲೆ ಹಿಡಿದ. ಲೋಡು ಹೊರುವ ಕೈ, ಹಿಡಿದರೆ ಬಿಡುವ ಕೈಯಲ್ಲ. ಒಂದೇ ಎಳೆತಕ್ಕೆ ಎತ್ತಿ ನಿಲ್ಲಿಸಿದ. ನಿಲ್ಲಿಸಿದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.

ಫೌಲ್ ತಿಂದವನು ನಾನು, ಫ್ರೀ ಥ್ರೋ ನನ್ನದು. ಹಾಕಿದೆ. ರಿಂಗ್ ಮುಟ್ಟಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ಆಮೇಲೆ ಕದಿರಪ್ಪ ಹಾಕಿದ. ಹಾಕಿದ, ಹಾಕಿದ, ಹಾಕುತ್ತಲೇ ಇದ್ದ. ಕತ್ತಲಾಗುವ ಮುಂಚೆ ಬಿದ್ದವು ಒಂದೊಂದೇ.

ಕೆರೆ ಕಟ್ಟೆ ಮೇಲೆ ಶ್ರೀರಾಮಪ್ಪ ಸೈಕಲ್ ಹಿಡಿದುಕೊಂಡು ನಿಂತಿದ್ದ. ಇಳಿದು ಬರಲಿಲ್ಲ. ಹೋಗಲೂ ಇಲ್ಲ. ಬರುವುದಿದ್ದರೆ ಬಾ, ಹೋಗುವುದಿದ್ದರೆ ತೊಲಗು ಅಂತ ಕೂಗಬೇಕೆನಿಸಿತು. ಕೂಗಲಿಲ್ಲ.

ಮುಂದಿನ ಬಾಗಿಲಲ್ಲೇ ಮನೆಗೆ ಬಂದೆ. ಹೀಗೇ, ತರಚಿದ ಮಂಡಿಯ ಧೂಳು ಸಮೇತ, ಚಾಪೆ ಮೇಲೆ ಕೂತು ಬರೆಯುತ್ತಿದ್ದೇನೆ. ಅಂಗೈಯಲ್ಲಿ ಕೆರೆ ಮಣ್ಣಿದೆ. ಅವನದೋ ನನ್ನದೋ.

ಹಿತ್ತಲಿಂದ ಆದಿಲಕ್ಷ್ಮಿ ಕೂಗುತ್ತಿದ್ದಾಳೆ. "ಬಂದ್ರಾ? ಒಳಕ್ ಯಾಕ್ ಹೋದ್ರಿ? ನೀರು ಕಾದೈತೆ!"

ಬೇಡ ಅಂದೆ.

"ಯಾಕೆ, ಇವತ್ತು ಮುಟ್ಟಿಲ್ವಾ?"

ಮುಟ್ಟಿದೀನಿ ಅಂದೆ.

ತಂಬಿಗೆ ಕೆಳಗಿಟ್ಟ ಶಬ್ದ. ಬಳೆ ಸದ್ದು. ಬರುತ್ತಿದ್ದಾಳೆ. ಬರಲಿ. ಈ ಸಲ ಏನೇ ಅಂದರೂ ನಾನು—